ದಂಡವೂ ಉಪವಾಸವೂ

‘ದಂಡ’ವೆಂಬ ಶಬ್ದಕ್ಕೆ ಕೋಲೆಂಬುದು ಮೊದಲ ಅರ್ಥ. ಕೋಲು ಹಿಡಿದವನ ಅಧಿಕಾರವೂ, ಆ ಅಧಿಕಾರವು ವಿಧಿಸುವ ಶಿಕ್ಷೆಯೂ ಕ್ರಮೇಣ ಅದೇ ಹೆಸರನ್ನು ಪಡೆದವು. ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ ಸೇನೆಯನ್ನು ನಡೆಸುವವನು ದಂಡನಾಯಕನೆನಿಸಿದನು. ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅಪರಾಧಕ್ಕೆ ತಕ್ಕ ದಂಡವನ್ನು ವಿವೇಚಿಸಿದನು. ಇಂದು ಹುಮನಾಬಾದಿನ ಬಸ್ಸಿನಲ್ಲಿ ಟಿಕೇಟಿಲ್ಲದೆ ಸಿಕ್ಕಿಬಿದ್ದವನು ತೆರುವುದೂ ದಂಡವೇ. ಫಲವಿಲ್ಲದೆ ಹೋದ ದುಡಿಮೆಗೂ ನಮ್ಮ ಜನ ‘ದಂಡವಾಯಿತು’ ಎನ್ನುವರು. ಈ ಆಡುಮಾತನ್ನು ಓದುಗರು ಮರೆಯದಿರಲಿ.

ಜಿನಾಗಮವು ಈ ಕೋಲನ್ನು ಅರಸನ ಕೈಯಲ್ಲಿ ಕಾಣಲಿಲ್ಲ. ಮನಸ್ಸು, ಮಾತು, ಕಾಯಗಳ ಅಶುಭ ಪ್ರವೃತ್ತಿಯೇ ಮನೋದಂಡ, ವಾಗ್ದಂಡ, ಕಾಯದಂಡ. ಪ್ರಯೋಜನವಿಲ್ಲದೆ ನಡೆಯುವ ಇಂಥ ಪ್ರವೃತ್ತಿ ಅನರ್ಥದಂಡ. ಅದರ ತ್ಯಾಗವು ಶ್ರಾವಕನ ಗುಣವ್ರತಗಳಲ್ಲೊಂದು. ದಂಡಿಸುವವನೂ ದಂಡನೆಗೊಳಗಾಗುವವನೂ ಇಲ್ಲಿ ಒಬ್ಬನೇ.

ಇನ್ನು ಮನೆಯ ಮಾತು. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ, ಎಂಟು ವರ್ಷದ ಬಾಲಕನಿಂದಲೂ ಉಪವಾಸ ಮಾಡಿಸಬೇಕೆಂದು ಹಿರಿಯರು ಹಟ ಹಿಡಿಯುವುದುಂಟು. ಹಸಿದ ಮಗು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತದೆ. ತಾಯಿ ಮಾವನ ಮುಖ ನೋಡುತ್ತಾಳೆ. ಹಿರಿಯರು ಇದನ್ನು ಶಿಸ್ತೆನ್ನುವರು. ಆದರೆ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಡೆಯದನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಾಗ ಹಸು ಮೊದಲಾದವುಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯುಂಟುಮಾಡುವುದೆಂದರು. ಕೊಟ್ಟಿಗೆಯ ಹಸುವಿಗೆ ಸಲ್ಲುವ ದಯೆ ನಡುಮನೆಯ ಮಗುವಿಗೆ ಸಲ್ಲದೆಂದು ಯಾವ ಶ್ರಾವಕನು ಹೇಳಬಲ್ಲನು? ಹಿರಿಯರು ವ್ರತವೆಂದೆಣಿಸಿದ್ದು ಅವರ ಪಾಲಿಗೆ ವ್ರತದ ಅತಿಚಾರವಾಯಿತು. ಮಗುವಿಗಂತೂ ಅದು ಲಂಘನವೇ ಹೊರತು ಉಪವಾಸವಲ್ಲ. ಅಲ್ಲಿ ಸಂಕಲ್ಪವೇ ಇಲ್ಲ. ಆ ದಿನದ ಹಸಿವು ಆಡುಮಾತಿನ ಅರ್ಥದಲ್ಲಿಯೇ ದಂಡವಾಯಿತು.

ಹಾಗಾದರೆ ಶಾಸನವೇ ಬೇಡವೆ? ಬೇಕು. ಮುನಿಸಂಘದಲ್ಲಿಯೂ ಅದುಂಟು. ಅದೇ ಸೂತ್ರಗ್ರಂಥದ 9ನೆಯ ಅಧ್ಯಾಯವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುತ್ತದೆ; ಅನಶನಾದಿ ತಪವೂ ಅವುಗಳಲ್ಲೊಂದು. ಆದರೆ ಎಣಿಕೆ ಆಲೋಚನೆಯಿಂದ ಮೊದಲಾಗುತ್ತದೆ. ತಪ್ಪಿದವನು ತಾನಾಗಿ ಗುರುವಿನ ಬಳಿ ಬಂದು ದೋಷವನ್ನು ನಿವೇದಿಸಬೇಕು. ಆ ಬಳಿಕ ಗುರುವು ದೇಶ, ಕಾಲ, ಶಕ್ತಿಗಳನ್ನು ನೋಡಿ ಪ್ರಾಯಶ್ಚಿತ್ತವನ್ನು ಕೊಡುತ್ತಾನೆ.

ಶ್ರಾವಕಾಚಾರದಲ್ಲಿ ಆಜೀವವಾದುದು ಯಮ, ಕಾಲಪರಿಮಿತಿಯುಳ್ಳದ್ದು ನಿಯಮ. ಬಾಲಕನಿಗೆ ನಿಯಮವೇ ಸಾಕು. ಅವನು ಬಾಯಿಬಿಟ್ಟು ಕೇಳಿದ ದಿನ, ಅಂದಿನ ರಾತ್ರಿಯ ಮಟ್ಟಿಗೆ ಆಹಾರತ್ಯಾಗದ ನಿಯಮ ಕೊಟ್ಟು, ಸೂರ್ಯಾಸ್ತಕ್ಕೆ ಮುನ್ನ ತಾಯಿಯೇ ಹೊಟ್ಟೆತುಂಬ ಉಣಿಸಲಿ.