ಚಿತ್ರಪುಸ್ತಕವೂ ನ್ಯಾಯಬುದ್ಧಿಯೂ

ಐದಾರು ವರ್ಷದ ಮಗುವಿನ ಕೈಗೆ ಕೊಡತಕ್ಕ ಚಿತ್ರಪುಸ್ತಕದಲ್ಲಿ ಮೇಲುಕೀಳಿನ ವಿಚಾರವೂ ಅನ್ಯಾಯದ ವಿಚಾರವೂ ಬರಬಹುದೇ, ಬರಕೂಡದೇ ಎಂಬ ಪ್ರಶ್ನೆ ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಎದ್ದಿದೆ. ನೋಡಲಿಕ್ಕೆ ಇದು ಚಿಕ್ಕ ಪ್ರಶ್ನೆ; ಅಂಗಡಿಯಲ್ಲಿ ಒಂದು ಪುಸ್ತಕವನ್ನು ಕೊಳ್ಳುವುದೋ ಬಿಡುವುದೋ ಎಂಬಷ್ಟರದು. ಆದರೆ ಸ್ವಲ್ಪ ಅಗೆದು ನೋಡಿದರೆ, ಧರ್ಮಾಧರ್ಮಗಳನ್ನು ಮಗುವಿಗೆ ಯಾವಾಗ, ಯಾರು, ಯಾವ ಬಗೆಯಿಂದ ತಿಳಿಸತಕ್ಕದ್ದು ಎಂಬ ಬಹಳ ಹಳೆಯ ಪ್ರಶ್ನೆಯೇ ಅದರ ಬುಡದಲ್ಲಿ ಸಿಕ್ಕುತ್ತದೆ.

ಪೂರ್ವಪಕ್ಷವನ್ನು ಮೊದಲು ಕೇಳಬೇಕು. ಅದು ಬರಿಯ ಹಟದ ಮಾತಲ್ಲ. ಹೊಸ ಪಾತ್ರೆಗೆ ಒಮ್ಮೆ ಹತ್ತಿದ ಸಂಸ್ಕಾರ ಮತ್ತೆ ಬಿಡದೆಂದು ಹಿತೋಪದೇಶಕಾರನು ಗ್ರಂಥದ ಆರಂಭದಲ್ಲಿಯೇ ಎಚ್ಚರಿಸಿದ್ದಾನೆ. ಹೀಗಿರಲಾಗಿ, ಜಾತಿಯೆಂಬ ಮಾತನ್ನೇ ಅರಿಯದ ಮಗುವಿಗೆ ಜಾತಿಯಿಂದಾದ ಅನ್ಯಾಯವನ್ನು ತಿಳಿಸಹೊರಟರೆ, ಅನ್ಯಾಯವು ಅರ್ಥವಾಗುವುದಕ್ಕೆ ಮುಂಚೆ ಜಾತಿಯೇ ಅರ್ಥವಾಗಿಬಿಡುತ್ತದೆ. ಔಷಧ ಕೊಡುವ ನೆವದಿಂದ ರೋಗವನ್ನೇ ಕೊಟ್ಟಂತಾಗುವುದಿಲ್ಲವೆ? ಚಂದ್ರ, ಹಸುವಿನ ಕರು, ಮಳೆಯಲ್ಲಿ ತೇಲುವ ಕಾಗದದ ದೋಣಿ, ಇವು ಇರುವಾಗ ಲೋಕದ ಕಹಿಯನ್ನು ಇಷ್ಟು ಬೇಗನೆ ಬಡಿಸುವ ಆತುರವಾದರೂ ಏತಕ್ಕೆ? ಹೀಗೆ ಕೇಳುವವರಲ್ಲಿ ಬಹುಮಂದಿ ಒಳ್ಳೆಯವರೇ. ಮಗುವಿನ ಮೇಲಣ ಅಕ್ಕರೆಯಿಂದಲೇ ಕೇಳುತ್ತಾರೆ.

ಈ ವಾದದ ಬಲವೆಲ್ಲ ‘ಮಗು ಅರಿಯದು’ ಎಂಬ ಒಂದೇ ಕಂಬದ ಮೇಲೆ ನಿಂತಿದೆ. ಆ ಕಂಬ ಗಟ್ಟಿಯಾದುದೇ? ಮನೆಗೆಲಸಕ್ಕೆ ಬರುವಾಕೆಗೆ ಕಾಫಿ ಕೊಡುವ ಲೋಟ ಯಾವುದು, ತೊಳೆದ ಮೇಲೆ ಅದನ್ನು ಎಲ್ಲಿ ಕವುಚಿಡುತ್ತಾರೆ, ಉಳಿದ ಲೋಟಗಳ ಸಾಲಿನಲ್ಲಿ ಅದು ಏಕೆ ಸೇರುವುದಿಲ್ಲ ಎಂಬುದನ್ನು ಅಂಥ ಮನೆಯ ನಾಲ್ಕು ವರ್ಷದ ಮಗು ನೋಡಿಯೇ ಇರುತ್ತದೆ. ಯಾರು ಬಂದರೆ ಕುರ್ಚಿ, ಯಾರು ಬಂದರೆ ಜಗಲಿ. ಯಾರನ್ನು ‘ನೀವು’ ಎನ್ನದಿದ್ದರೆ ತಾಯಿ ಗದರುತ್ತಾಳೆ, ಅಜ್ಜನಷ್ಟು ವಯಸ್ಸಾದ ಯಾರನ್ನು ‘ನೀನು’ ಎಂದರೂ ಮನೆಯಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ - ಇವನ್ನು ಅದಕ್ಕೆ ಯಾರೂ ಕೂರಿಸಿಕೊಂಡು ಪಾಠ ಹೇಳಲಿಲ್ಲ. ಸರ್ವನಾಮಗಳ ಈ ವ್ಯಾಕರಣವನ್ನು ಮಗು ಅಕ್ಷರಾಭ್ಯಾಸಕ್ಕೆ ಮುಂಚೆಯೇ ಕಲಿತು ಮುಗಿಸಿರುತ್ತದೆ. ಗೆರೆ ಆಗಲೇ ಬಿದ್ದಿದೆ. ಪುಸ್ತಕವು ಮಾಡುವುದೇನಿದ್ದರೂ ಆ ಗೆರೆಯನ್ನು ತೋರಿಸಿ, ಇದನ್ನು ಎಳೆದವರು ಯಾರು ಎಂದು ಕೇಳುವುದಕ್ಕೆ ಎಡೆಮಾಡಿಕೊಡುವುದು, ಅಷ್ಟೆ.

ಇನ್ನೊಂದು ಮಾತು. ಮುಗ್ಧತೆಯನ್ನು ಕಾಪಾಡಬೇಕೆನ್ನುವಾಗ ಯಾವ ಮಗುವಿನ ಮುಗ್ಧತೆ ಎಂದು ಕೇಳದೆ ಇರುವುದು ನ್ಯಾಯವಲ್ಲ. 1891ರಲ್ಲಿ ಹುಟ್ಟಿದ ಭೀಮರಾವ್ ಅಂಬೇಡ್ಕರರು ತಮ್ಮ ಶಾಲೆಯ ದಿನಗಳನ್ನು ಕುರಿತು ತಾವೇ ಬರೆದಿಟ್ಟಿದ್ದಾರೆ. ತರಗತಿಯಲ್ಲಿ ಅವರಿಗೆ ಒಂದು ಗೋಣಿಯ ತುಂಡೇ ಆಸನ. ಶಾಲೆಯನ್ನು ಗುಡಿಸುವ ಆಳು ಆ ಗೋಣಿಯನ್ನು ಮುಟ್ಟಲೊಲ್ಲದುದರಿಂದ ಹುಡುಗನೇ ಸಂಜೆ ಅದನ್ನು ಮನೆಗೆ ಹೊತ್ತು, ಬೆಳಿಗ್ಗೆ ಮತ್ತೆ ತರಬೇಕಾಗಿತ್ತು. ಬಾಯಾರಿದರೆ ಜವಾನನು ನಲ್ಲಿಯನ್ನು ತಿರುಗಿಸಿದಾಗ ನೀರು. ಜವಾನನಿಲ್ಲದ ದಿನ ನೀರೇ ಇಲ್ಲ. ಆ ಹುಡುಗನಿಗೆ, ‘ಇದು ನಿನಗೆ ತಿಳಿಯುವ ವಯಸ್ಸಲ್ಲ’ ಎಂದು ಯಾರೂ ಹೇಳಲಿಲ್ಲ. ಅನುಭವಿಸುವುದಕ್ಕೆ ಒಂದು ಮಗುವಿಗೆ ವಯಸ್ಸಾಗಿರುವುದಾದರೆ, ಅದೇ ವಯಸ್ಸಿನ ಇನ್ನೊಂದು ಮಗುವಿಗೆ ಅದನ್ನು ಕೇಳುವುದಕ್ಕೆ ಮಾತ್ರ ವಯಸ್ಸಾಗಿಲ್ಲವೆನ್ನುವುದು ಯಾವ ಶಾಸ್ತ್ರ?

ಕಥೆಯಿಂದ ನೀತಿಯನ್ನು ಕಲಿಸುವುದು ಈ ದೇಶಕ್ಕೆ ಹೊಸತಲ್ಲ. ವಿಷ್ಣುಶರ್ಮನು ಅಮರಶಕ್ತಿರಾಜನ ಮೂವರು ಮಂದಮತಿ ಮಕ್ಕಳನ್ನು ಆರು ತಿಂಗಳಲ್ಲಿ ತಿದ್ದಿದ ಪಂಚತಂತ್ರವು ದುರ್ಗಸಿಂಹನಿಂದ ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂದಿತು. ಆ ಗ್ರಂಥದ ಜಾಣತನಕ್ಕೆ ಎಣೆಯಿಲ್ಲ. ಆದರೆ ಅದರ ಶಿಷ್ಯರು ರಾಜಕುಮಾರರೆಂಬುದನ್ನು ಮರೆಯಕೂಡದು. ಅಲ್ಲಿ ಕಲಿಸುವುದು ಗೆಲ್ಲುವ ನೀತಿಯನ್ನೇ ಹೊರತು ಹಂಚಿಕೊಳ್ಳುವ ನೀತಿಯನ್ನಲ್ಲ. ಸಂಸ್ಕೃತ ಪಂಚತಂತ್ರದ ನಾಲ್ಕನೆಯ ತಂತ್ರದಲ್ಲಿ ಸಿಂಹದ ಮರಿಗಳೊಡನೆ ಬೆಳೆದ ನರಿಮರಿಯ ಕಥೆಯೊಂದುಂಟು. ಆನೆಯನ್ನು ಕಂಡು ನರಿಮರಿ ಹಿಂಜರಿಯುತ್ತದೆ. ಸಾಕಿದ ತಾಯಿ ಸಿಂಹಿಣಿ ಅದನ್ನು ಏಕಾಂತಕ್ಕೆ ಕರೆದು, ನೀನು ಶೂರನೂ ವಿದ್ಯಾವಂತನೂ ಹೌದು, ಆದರೆ ನೀನು ಹುಟ್ಟಿದ ಕುಲದಲ್ಲಿ ಆನೆಯನ್ನು ಕೊಲ್ಲುವ ಪದ್ಧತಿಯಿಲ್ಲ, ಮರಿಗಳಿಗೆ ಗುಟ್ಟು ತಿಳಿಯುವ ಮೊದಲೇ ಹೊರಟುಹೋಗು ಎನ್ನುತ್ತಾಳೆ. ಈ ಕಥೆಯನ್ನು ಅಲ್ಲಿ ರಾಜನೊಬ್ಬನು ಹೇಳುವುದು ಒಬ್ಬ ಕುಂಬಾರನಿಗೆ! ಹಣೆಯ ಗಾಯವನ್ನು ನೋಡಿ ವೀರನೆಂದು ತಿಳಿದು ಮನ್ನಿಸಿದ್ದವನು ಕುಂಬಾರನೆಂದು ಗೊತ್ತಾದೊಡನೆ ಅವನನ್ನು ಹೊರಡಿಸುವುದಕ್ಕಾಗಿ ಹೇಳಿದ ಕಥೆ ಅದು. ಮಕ್ಕಳಿಗೆ ಮೇಲುಕೀಳಿನ ವಿಚಾರವೇ ಬೇಡವೆನ್ನುವವರು ಇಂಥ ಕಥೆಗಳನ್ನು ಬಣ್ಣದ ಚಿತ್ರಗಳೊಡನೆ ನಿಶ್ಚಿಂತೆಯಾಗಿ ಕೊಂಡು ತರುತ್ತಾರೆ. ವಿಚಾರವು ಅಲ್ಲಿಯೂ ಇದೆ. ಉತ್ತರ ಮಾತ್ರ ಬೇರೆ.

ಅದೇ ಕುಂಬಾರನಿಗೆ ಇನ್ನೊಂದು ಪುಸ್ತಕದಲ್ಲಿ ಸಿಕ್ಕಿದ ಮರ್ಯಾದೆಯನ್ನು ಹೋಲಿಸಿ ನೋಡಬಹುದು. ಕಾಂಚ ಐಲಯ್ಯನವರು ಶ್ರಮದ ಗೌರವವನ್ನು ಕುರಿತು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದ ‘ಟರ್ನಿಂಗ್ ದ ಪಾಟ್, ಟಿಲ್ಲಿಂಗ್ ದ ಲ್ಯಾಂಡ್’ ಎಂಬ ಪುಸ್ತಕವನ್ನು ನವಯಾನ ಪ್ರಕಾಶನದವರು 2007ರಲ್ಲಿ ಹೊರತಂದರು. ಚಿತ್ರಗಳು ಮಧ್ಯಪ್ರದೇಶದ ಗೊಂಡ ಕಲಾವಿದೆ ದುರ್ಗಾಬಾಯಿ ವ್ಯಾಮ್ ಅವರವು. ಕುಂಬಾರ, ಚರ್ಮದ ಕೆಲಸಗಾರ, ನೇಕಾರ, ಅಗಸ, ಕ್ಷೌರಿಕ ಇವರ ಕೆಲಸಗಳಲ್ಲಿ ಎಷ್ಟು ವಿದ್ಯೆ ಅಡಗಿದೆಯೆಂಬುದೇ ಅದರ ವಸ್ತು. ಯಾವ ಮಣ್ಣು ತಿಗರಿಗೆ ನಿಲ್ಲುತ್ತದೆ, ಆವಿಗೆಯ ಕಾವು ಎಷ್ಟಿರಬೇಕು ಎಂಬ ತಿಳಿವಳಿಕೆಯನ್ನು ವಿದ್ಯೆಯೆನ್ನದೆ ಕಸುಬು ಎಂದು ಕರೆದು ಕೆಳಗಿಟ್ಟದ್ದು ಏಕೆಂದು ಆ ಪುಸ್ತಕವನ್ನು ಓದಿದ ಹುಡುಗನು ಕೇಳಿದರೆ, ಉತ್ತರ ಹೇಳುವುದು ಹಿರಿಯರಿಗೆ ಸುಲಭವಲ್ಲ. ಅದು ಐದು ವರ್ಷದವರಿಗಲ್ಲ, ಸ್ವಲ್ಪ ಬೆಳೆದವರಿಗೆ ತಕ್ಕ ಪುಸ್ತಕವೆಂಬುದನ್ನೂ ಹೇಳಬೇಕು.

ಏಕಲವ್ಯನ ಪ್ರಸಂಗವಂತೂ ಇನ್ನೂ ಕಠಿನ. ಚಿತ್ರಕಥೆಗಳಲ್ಲಿ ಸಾಮಾನ್ಯವಾಗಿ ಅದು ಗುರುಭಕ್ತಿಯ ಪಾಠವಾಗಿ ಬರುತ್ತದೆ: ಮಣ್ಣಿನ ವಿಗ್ರಹ, ಬಾಣ ತುಂಬಿದ ನಾಯಿಯ ಬಾಯಿ, ಕೊನೆಗೆ ನಗುಮುಖದಿಂದ ಹೆಬ್ಬೆರಳನ್ನು ಒಪ್ಪಿಸುವ ಹುಡುಗ. ಮಹಾಭಾರತದ ಆದಿಪರ್ವವನ್ನು ತೆರೆದು ನೋಡಿದರೆ ಅಲ್ಲಿ ಮುಚ್ಚುಮರೆಯಿಲ್ಲ. ದ್ರೋಣನು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸದಿದ್ದುದು ಅವನು ನಿಷಾದನ ಮಗನೆಂಬುದರಿಂದ. ಬೆರಳು ಹೋದ ಮೇಲೆ ಅವನ ಬಾಣಪ್ರಯೋಗದಲ್ಲಿ ಮೊದಲಿನ ವೇಗ ಉಳಿಯಲಿಲ್ಲ. ಅದರಿಂದ ಅರ್ಜುನನ ಕಳವಳ ನೀಗಿ ಅವನಿಗೆ ಸಂತೋಷವಾಯಿತು. ಈ ಮೂರನ್ನೂ ಮುನಿಯು ಸ್ಪಷ್ಟವಾಗಿಯೇ ಹೇಳಿದ್ದಾನೆ. ಕೊನೆಯ ಮಾತನ್ನು ಬಿಟ್ಟು ಕಥೆ ಹೇಳಿದರೆ ಅದು ಭಕ್ತಿಯ ಕಥೆ. ಸೇರಿಸಿ ಹೇಳಿದರೆ, ಆ ಬೆರಳಿನಿಂದ ಲಾಭ ಪಡೆದವರು ಯಾರೆಂದು ಮಗುವೇ ಕೇಳುತ್ತದೆ. ಹಾಗಾದರೆ ಮಗುವಿನ ಮುಗ್ಧತೆಯ ಹೆಸರಿನಲ್ಲಿ ಬಿಟ್ಟದ್ದು ಕಹಿಯನ್ನೋ, ಪ್ರಶ್ನೆಯನ್ನೋ? ಪ್ರಾಚೀನ ಗ್ರಂಥಕ್ಕಿದ್ದ ಧೈರ್ಯ ಅದರ ಹೆಸರು ಹೇಳಿ ಬದುಕುವ ಬಣ್ಣದ ಪುಸ್ತಕಕ್ಕೆ ಇಲ್ಲದಿರುವುದು ಸೋಜಿಗ.

ಅನ್ಯಾಯವನ್ನು ಬಾಯಿಬಿಟ್ಟು ಹೇಳುವುದೊಂದೇ ದಾರಿಯೆಂದು ಇದರಿಂದ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಎಜ್ರಾ ಜಾಕ್ ಕೀಟ್ಸ್ ಎಂಬ ಚಿತ್ರಕಾರರು 1962ರಲ್ಲಿ ‘ದ ಸ್ನೋಯಿ ಡೇ’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಮರುವರ್ಷ ಅದಕ್ಕೆ ಕಾಲ್ಡೆಕಾಟ್ ಪದಕ ಬಂದಿತು. ಪೀಟರ್ ಎಂಬ ಕಪ್ಪು ಬಣ್ಣದ ಹುಡುಗ ಕೆಂಪು ಅಂಗಿ ತೊಟ್ಟು ಹಿಮದಲ್ಲಿ ಆಡುತ್ತಾನೆ, ಒಂದು ಹಿಮದ ಉಂಡೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ, ಅದು ಕರಗಿಹೋಗುತ್ತದೆ. ಕಥೆಯೆಂದರೆ ಇಷ್ಟೆ; ಅವನ ಬಣ್ಣದ ಪ್ರಸ್ತಾಪ ಮಾತಿನಲ್ಲಿ ಎಲ್ಲಿಯೂ ಇಲ್ಲ. ಆದರೂ ಆ ಕಾಲಕ್ಕೆ ಅದು ದೊಡ್ಡ ಸಂಗತಿ. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ವಿದುಷಿಯು ಮೂರು ವರ್ಷಗಳ ಮಕ್ಕಳ ಪುಸ್ತಕಗಳನ್ನು ಲೆಕ್ಕಹಾಕಿ ನೋಡಿದಾಗ, 5,206 ಪುಸ್ತಕಗಳಲ್ಲಿ ಒಬ್ಬನಾದರೂ ಕಪ್ಪು ಮನುಷ್ಯನಿದ್ದುದು 349ರಲ್ಲಿ ಮಾತ್ರ. ನೂರರಲ್ಲಿ ಏಳೂ ಇಲ್ಲ. ಬೈದು ದೂರ ಮಾಡುವುದು ಒಂದು ಬಗೆಯ ಅನ್ಯಾಯ. ಚಿತ್ರದಲ್ಲಿ ಬರೆಯದೆಯೇ ಬಿಡುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಶಬ್ದವಿಲ್ಲದುದರಿಂದ ಅದು ಯಾರ ನಿದ್ರೆಯನ್ನೂ ಕೆಡಿಸುವುದಿಲ್ಲ. ಕನ್ನಡದ ಮಕ್ಕಳ ಪುಸ್ತಕಗಳನ್ನು ಯಾರಾದರೂ ಇದೇ ಬಗೆಯಾಗಿ ಎದುರಿಗಿಟ್ಟುಕೊಂಡು, ಅಲ್ಲಿ ಬರುವ ಮನೆಗಳು ಯಾರವು, ಹೆಸರುಗಳು ಯಾವ ಕೇರಿಯವು, ಅಡುಗೆಮನೆಯಲ್ಲಿ ತಾಯಿಯೂ ವೃತ್ತಪತ್ರಿಕೆಯ ಹಿಂದೆ ತಂದೆಯೂ ಎಷ್ಟು ಸಲ ಬಂದಿದ್ದಾರೆ ಎಂದು ಎಣಿಸಿದರೆ ಉಪಕಾರವಾದೀತು. ಜಿಲ್ಲೆಯ ಯಾವ ಗ್ರಂಥಾಲಯದಲ್ಲಿಯಾದರೂ ಎರಡು ಮಧ್ಯಾಹ್ನಗಳಲ್ಲಿ ಮುಗಿಯುವ ಕೆಲಸ.

ಇನ್ನು, ಸದುದ್ದೇಶದ ಪುಸ್ತಕವೆಲ್ಲ ಒಳ್ಳೆಯ ಪುಸ್ತಕವಲ್ಲ. ಕುಂಟುವ ಹುಡುಗನೊಬ್ಬ, ಅವನನ್ನು ಕಂಡು ಕರಗುವ ಗಟ್ಟಿಮುಟ್ಟಾದ ಹುಡುಗನೊಬ್ಬ, ಕೊನೆಯ ಪುಟದಲ್ಲಿ ಒಂದು ಉಪದೇಶ - ಇಂಥ ಪುಸ್ತಕಗಳು ಬೇಕಾದಷ್ಟಿವೆ. ಅವುಗಳಲ್ಲಿ ಕುಂಟುವ ಹುಡುಗನಿಗೆ ಬೇರೆ ಕೆಲಸವೇ ಇಲ್ಲ. ಎದುರಿನವನಿಗೆ ದಯೆಯನ್ನು ಕಲಿಸುವುದಕ್ಕಾಗಿಯೇ ಅವನು ಕುಂಟುತ್ತಾನೆ. ದಯೆ ದೊಡ್ಡ ಗುಣವೇ. ಆದರೆ ದಯೆಯನ್ನು ಮಾಡುವವನು ಅದನ್ನು ಬೇಕೆಂದಾಗ ಮಾಡಿ ಬೇಡವೆಂದಾಗ ನಿಲ್ಲಿಸಬಹುದು; ನ್ಯಾಯವು ಎದುರಿನವನಿಗೆ ಸಲ್ಲಬೇಕಾದ ಸಾಲ. ಈ ಭೇದವು ಮಗುವಿಗೆ ತಿಳಿಯದೆಂದು ಹೇಳುವವರು ಒಂದು ಹೋಳಿಗೆಯನ್ನು ಇಬ್ಬರು ಮಕ್ಕಳಿಗೆ ಹೆಚ್ಚುಕಡಮೆಯಾಗಿ ಮುರಿದುಕೊಟ್ಟು ನೋಡಲಿ. ಕಡಮೆ ಸಿಕ್ಕಿದವನು ಕರುಣೆಯನ್ನು ಬೇಡುವುದಿಲ್ಲ, ಲೆಕ್ಕ ಕೇಳುತ್ತಾನೆ. ಚೆನ್ನೈಯ ತೂಲಿಕಾ ಸಂಸ್ಥೆಯವರು ಪ್ರಕಟಿಸಿರುವ ಶೀಲಾ ಧೀರ್ ಅವರ ಪುಸ್ತಕವೊಂದರಲ್ಲಿ ಅಂಗವೈಕಲ್ಯವುಳ್ಳ ಮಗುವೇ ಎದುರಿನವರನ್ನು, ನನ್ನ ಕೈ ಹಿಡಿಯಲು ನಿಮಗೆ ಅಂಜಿಕೆಯೇಕೆ ಎಂದು ಕೇಳುತ್ತದೆ. ಅಲ್ಲಿ ಪ್ರಶ್ನೆ ಕೇಳುವ ಅಧಿಕಾರ ಯಾರ ಕೈಯಲ್ಲಿದೆಯೆಂಬುದನ್ನು ಗಮನಿಸಬೇಕು.

ಪುಸ್ತಕಗಳು ತುಟ್ಟಿಯೆಂಬ ನೆವವೂ ಈಗ ಮೊದಲಿನಷ್ಟು ಸಲ್ಲದು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಿಂದ ‘ಸ್ಟೋರಿವೀವರ್’ ಎಂಬ ಜಾಲತಾಣದಲ್ಲಿ ಅನೇಕ ಭಾಷೆಗಳ ಚಿತ್ರಪುಸ್ತಕಗಳನ್ನು ಧರ್ಮಾರ್ಥವಾಗಿ ಒದಗಿಸುತ್ತ ಬಂದಿದ್ದಾರೆ. ಕನ್ನಡವೂ ಅವುಗಳಲ್ಲಿ ಸೇರಿದೆ. ಅನುವಾದದ ಕನ್ನಡ ಕೆಲವೆಡೆ ಹಲ್ಲಿಗೆ ಕಲ್ಲು ಸಿಕ್ಕಂತಿರುತ್ತದೆ. ಓದಿ ಹೇಳುವ ಅಜ್ಜಿಯಿದ್ದರೆ ಆ ದೋಷ ತಾನಾಗಿ ಹೋಗುತ್ತದೆ.

ಓದಿ ಹೇಳುವವರ ಕಷ್ಟವಿರುವುದು ಬೇರೆ ಕಡೆ. ಅಂಬೇಡ್ಕರರ ಬಾಲ್ಯದ ಆ ನೀರಿನ ಕಥೆಯನ್ನು ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ದಂಪತಿಗಳು 2011ರಲ್ಲಿ ಪ್ರಕಟವಾದ ‘ಭೀಮಾಯನ’ದಲ್ಲಿ ಚಿತ್ರಿಸಿದ್ದಾರೆ, ಮಾತು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಅದರಲ್ಲಿ ಚಿತ್ರಗಳನ್ನು ಚೌಕಗಳೊಳಗೆ ಕೂಡಿಹಾಕಿಲ್ಲ. ಮೃದುವಾದ ಮಾತುಗಳು ಹಕ್ಕಿಯ ಆಕಾರದೊಳಗೆ ಬರುತ್ತವೆ. ವಿಷದ ಮಾತುಗಳಿಗೆ ಚೇಳಿನ ಬಾಲವಿದೆ. ಅಕ್ಷರ ಬಾರದ ಮಗುವೂ ಯಾವ ಮಾತು ಕುಟುಕುತ್ತದೆಂದು ಬೆರಳಿಟ್ಟು ತೋರಿಸಬಲ್ಲದು. ಆದರೆ ಆ ಪುಸ್ತಕ ಆರಂಭವಾಗುವುದು ಹಿಂದಿನ ಕಾಲದಲ್ಲಲ್ಲ. ಈಚಿನ ದಿನಗಳ ನಗರವೊಂದರ ಬಸ್ ನಿಲ್ದಾಣದಲ್ಲಿ ನಿಂತ ಇಬ್ಬರ ಮಾತಿನಿಂದ, ಮೀಸಲಾತಿಯ ಮೇಲಣ ಗೊಣಗಾಟದಿಂದ. ನಡುನಡುವೆ ವೃತ್ತಪತ್ರಿಕೆಗಳ ಈಚಿನ ವರದಿಗಳೂ ಬರುತ್ತವೆ. ಆದುದರಿಂದ ಪುಟ ಮಗುಚುತ್ತ ಮಗು, ‘ಈಗಲೂ ಹೀಗಿದೆಯೇ?’ ಎಂದು ಕೇಳಿದರೆ, ‘ಅದೆಲ್ಲ ಆ ಕಾಲದ್ದು, ಕಂದ’ ಎಂದು ಹೇಳಿ ಮುಗಿಸುವುದಕ್ಕೆ ಪುಸ್ತಕವೇ ಬಿಡುವುದಿಲ್ಲ. ಓದುತ್ತಿರುವ ತಂದೆಯೋ ತಾಯಿಯೋ ಆಗ ಒಂದು ಗಳಿಗೆ ಸುಮ್ಮನಿರಬೇಕಾಗುತ್ತದೆ. ಒಳಗೆ ಅಡುಗೆಮನೆಯ ಗೂಡಿನಲ್ಲಿ ಬೇರೆಯಾಗಿ ಕವುಚಿಟ್ಟ ಲೋಟವೊಂದು ಇದ್ದರೆ, ಇನ್ನೂ ಸ್ವಲ್ಪ ಹೊತ್ತು.