ನಿಯಮವಿದ್ದಲ್ಲಿ ಭಯವಿಲ್ಲ

ಅಂಗವಿಲ್ಲದೆ ಲಿಂಗಪೂಜೆಯಿಲ್ಲ. ಇಷ್ಟಲಿಂಗವನ್ನು ಹಿಡಿಯುವುದು ಈ ಅಂಗೈ, ನೋಡುವುದು ಈ ಕಣ್ಣು, ನೆನೆಯುವುದು ಈ ಮನಸ್ಸು. ಆದುದರಿಂದಲೇ ಶರಣರು ದೇಹವನ್ನು ಹಳಿಯಲಿಲ್ಲ. ಅದನ್ನು ದೇವಾಲಯವೆಂದು ಕಂಡರು. ದೇವಾಲಯದ ಗೋಡೆ ಬಿರುಕು ಬಿಟ್ಟಾಗ ಅದನ್ನು ಸರಿಪಡಿಸುವುದು ಭಕ್ತಿಗೆ ಹೊರತಾದ ಕೆಲಸವೆಂದು ಯಾರೂ ಹೇಳರು. ಹೀಗಿದ್ದರೂ ದೇಹಕ್ಕೆ ವ್ಯಾಧಿ ಬಂದಾಗ ಭಕ್ತರಲ್ಲಿ ಕೆಲವರು ಅದನ್ನು ಅಲಕ್ಷಿಸುವರು, ಕೆಲವರು ಅತಿಯಾಗಿ ಅಂಜುವರು. ರಕ್ತದ ಒತ್ತಡವೆಂಬ ವ್ಯಾಧಿಯಲ್ಲಿ ಈ ಎರಡು ದೋಷಗಳೂ ಒಬ್ಬನಲ್ಲಿಯೇ ಕೂಡಿ ಬರುವುದುಂಟು.

ಅಡತಿ ವ್ಯಾಪಾರದ ಒಬ್ಬ ಸದ್ಗೃಹಸ್ಥರಿದ್ದರು. ಐವತ್ತು ದಾಟಿದ ವಯಸ್ಸು. ವೈದ್ಯರು ಹಲವು ಬಾರಿ ಪರೀಕ್ಷಿಸಿದಾಗಲೂ ಅವರ ರಕ್ತದೊತ್ತಡ 160/100ರ ಆಸುಪಾಸಿನಲ್ಲಿಯೇ ಇದ್ದಿತು. ನಿತ್ಯವೂ ಒಂದು ಗುಳಿಗೆಯೆಂದು ವಿಧಿಸಿದರು. ಎರಡು ತಿಂಗಳಲ್ಲಿ ಒತ್ತಡವು 130/80ಕ್ಕೆ ಇಳಿಯಿತು. 'ರೋಗ ಹೋಯಿತು, ಲಿಂಗದ ಕೃಪೆಯಿರುವಾಗ ಜನ್ಮವಿಡೀ ಗುಳಿಗೆ ನುಂಗುವುದು ವಿಶ್ವಾಸದ ಕೊರತೆಯಲ್ಲವೇ?' ಎಂದು ತಾವೇ ತೀರ್ಮಾನಿಸಿ, ಮನೆಯಲ್ಲಿಯೂ ಹೇಳದೆ, ಔಷಧವನ್ನು ನಿಲ್ಲಿಸಿದರು.

ಸ್ವಲ್ಪ ಕಾಲದಲ್ಲಿಯೇ ಅವರ ಸಮವಯಸ್ಕರೊಬ್ಬರು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಅಂದಿನಿಂದ ಭಯವು ಮನೆ ಮಾಡಿತು. ಒತ್ತಡ ಅಳೆಯುವ ಯಂತ್ರವನ್ನು ತಂದು ದಿನಕ್ಕೆ ಎಂಟು ಹತ್ತು ಬಾರಿ ತೋಳಿಗೆ ಸುತ್ತಿಕೊಳ್ಳತೊಡಗಿದರು. ಅಂಕೆ ಏರಿದರೆ ಭಯವೇರುವುದು. ಭಯವೇರಿದರೆ ಅಂಕೆ ಮತ್ತೂ ಏರುವುದು. ರಾತ್ರಿ ನಿದ್ರೆಯಿಲ್ಲ. ಪೂಜೆಗೆ ಕುಳಿತರೆ ಕಣ್ಣು ಲಿಂಗದ ಮೇಲೆ, ಮನಸ್ಸು ಯಂತ್ರದ ಮೇಲೆ.

ಒಂದು ದಿನ ಅವರ ಧರ್ಮಪತ್ನಿಯು ಬಟ್ಟೆಗಳ ನಡುವೆ ಬಚ್ಚಿಟ್ಟಿದ್ದ ಗುಳಿಗೆಗಳನ್ನು ಕಂಡರು. ಅವರು ಕೋಪಿಸಲಿಲ್ಲ, ಇಷ್ಟೇ ಕೇಳಿದರು: "ನಿನ್ನೆಯ ಪೂಜೆ ಚೆನ್ನಾಗಿ ಆಯಿತೆಂದು ಇಂದಿನ ಪೂಜೆಯನ್ನು ಬಿಡುತ್ತೀರೇನು? ಅಥವಾ ಹೆದರಿಕೆಯಿಂದ ದಿನಕ್ಕೆ ಹತ್ತು ಸಲ ಮಾಡಿದರೆ ಅದು ಪೂಜೆ ಅನಿಸೀತೇ?" ಗೃಹಸ್ಥರು ತಲೆ ತಗ್ಗಿಸಿದರು. ಮರುದಿನವೇ ಇಬ್ಬರೂ ವೈದ್ಯರಲ್ಲಿಗೆ ಹೋದರು.

ಸತಿಯ ಮಾತಿನಿಂದ ಪತಿಗೆ ಅರಿವು ಮೂಡಿದುದು ಶರಣಸಂಪ್ರದಾಯಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕವಾಗಿದ್ದಿತು. ಒಂದು ದಿನ ಅವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಚೆಲ್ಲಿ ಬರುವಂತೆ ಲಕ್ಕಮ್ಮನವರು ಹೇಳಿದರು. ಇಂದಿಗೆ ಬೇಕಾದುದು ಇಂದಿಗೆ ಸಾಕು. ನಾಳೆಯ ಹೊರೆಯನ್ನು ಇಂದೇ ತಲೆಯ ಮೇಲೆ ಹೇರಿಕೊಳ್ಳುವುದಕ್ಕೆ ಚಿಂತೆಯೆಂದು ಹೆಸರು. ಅಕ್ಕಿಯಲ್ಲಿ ಅಳತೆ ಹೇಗೋ ಆರೈಕೆಯಲ್ಲಿಯೂ ಹಾಗೆಯೇ. ಕಡಿಮೆಯಾದರೆ ಅಲಕ್ಷ್ಯ, ಮಿತಿಮೀರಿದರೆ ಭಯ.

ಈ ವ್ಯಾಧಿಯ ಸ್ವಭಾವವನ್ನು ಅರಿತರೆ ನಿಯಮದ ಬೆಲೆ ತಿಳಿಯುವುದು. ರಕ್ತದೊತ್ತಡವು ಬಹುಮಟ್ಟಿಗೆ ಯಾವ ಸೂಚನೆಯನ್ನೂ ಕೊಡದೆ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳನ್ನು ಸವೆಸುತ್ತದೆ. ಗುಳಿಗೆಯಿಂದ ಅಂಕೆ ಇಳಿದಿದೆಯೆಂದರೆ ರೋಗ ತೊಲಗಿತೆಂದಲ್ಲ; ಔಷಧವು ಅದನ್ನು ಹಿಡಿದಿಟ್ಟಿದೆಯೆಂದು ಅರ್ಥ. ವೈದ್ಯರನ್ನು ಕೇಳದೆ ಬಿಟ್ಟರೆ ಅದು ಮತ್ತೆ ಏರುವುದು. ಇನ್ನು ಭಯವಾದರೋ ಎದೆಬಡಿತವನ್ನು ಹೆಚ್ಚಿಸಿ, ರಕ್ತನಾಳಗಳನ್ನು ಬಿಗಿಗೊಳಿಸಿ, ಒತ್ತಡವನ್ನು ಕೆಲಹೊತ್ತು ಏರಿಸುತ್ತದೆ. ಆದುದರಿಂದ ವೈದ್ಯರು ಹೇಳಿದ ವೇಳೆಯಲ್ಲಿ ಮಾತ್ರ ಅಳೆಯತಕ್ಕದ್ದು. ಅಳೆಯುವ ಮೊದಲು ಅರ್ಧ ಗಂಟೆ ಕಾಫಿ, ಚಹಾ, ತಂಬಾಕು ಬೇಡ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಮೌನವಾಗಿ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ, ಅಂಕೆಯನ್ನು ಬರೆದಿಟ್ಟು ಎದ್ದುಬಿಡಬೇಕು.

ಪ್ರಸಾದದಲ್ಲಿಯೂ ಅಳತೆಯುಂಟು. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಿಕ್ಕ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪೂ ಈ ಲೆಕ್ಕದೊಳಗೇ ಸೇರಿದುದು. ಶಕ್ತಿಗೆ ತಕ್ಕಷ್ಟು ನಿತ್ಯವೂ ನಡೆಯುವುದು, ತಂಬಾಕು ಮದ್ಯಗಳನ್ನು ತೊರೆಯುವುದು, ಇವೂ ಆ ನಿಯಮದ ಅಂಗಗಳೇ.

ಬೇರು ನಾರುಗಳ ಔಷಧವಾದರೆ ಅಪಾಯವಿಲ್ಲವೆಂದು ನಂಬುವವರೂ ಉಂಟು. ನಮ್ಮ ನಾಡಿನ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುವುದೆಂಬುದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಪ್ರಕಟಿಸಿದರು. ಲೋಕವೆಲ್ಲ ಅದನ್ನು ಮನ್ನಿಸಿತು. ಆದರೆ ಅದರ ಸತ್ವದಿಂದಾದ ಔಷಧವು ಕೆಲವರ ಮನಸ್ಸನ್ನು ಖಿನ್ನತೆಗೆ ನೂಕುವುದೆಂಬ ಎಚ್ಚರಿಕೆಯೂ ಬಳಿಕ ಬಂದಿತು. ಆದುದರಿಂದ ಬೇರಾಗಲಿ ಗುಳಿಗೆಯಾಗಲಿ ಬಲ್ಲವರ ಮಾತಿನಂತೆ ಸೇವಿಸುವುದೇ ಲೇಸು.

ಕಳವಳವು ವಾರಗಟ್ಟಲೆ ಬಿಡದೆ ನಿದ್ರೆಯನ್ನೂ ಕೆಲಸವನ್ನೂ ಕೆಡಿಸುತ್ತಿದ್ದರೆ ಅದನ್ನು ವೈದ್ಯರ ಮುಂದೆ ಹೇಳಲು ನಾಚಬಾರದು. ಅದು ಭಕ್ತಿಯ ಕುಂದಲ್ಲ, ಅದಕ್ಕೂ ಚಿಕಿತ್ಸೆಯುಂಟು. ಎದೆನೋವು, ತೀವ್ರ ಉಸಿರಾಟದ ತೊಂದರೆ, ಹಠಾತ್ತನೆ ಮಾತು ತೊದಲುವುದು, ಮುಖ ವಾರೆಯಾಗುವುದು, ಒಂದು ಕೈಕಾಲು ಸೋಲುವುದು ಕಂಡರೆ ಮಾತ್ರ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ಆ ಗೃಹಸ್ಥರು ಈಗ ಬೆಳಗಿನ ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ಗುಳಿಗೆಯನ್ನು ಸೇವಿಸಿ ಅಂಗಡಿಗೆ ಹೋಗುವರು. ಯಂತ್ರವು ವೈದ್ಯರು ಹೇಳಿದ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬರುವುದು. ಭಯವು ಪೂರ್ಣವಾಗಿ ಹೋಯಿತೆನ್ನಲಾಗದು. ಬಂದಾಗ ಅವರು ಲಿಂಗವನ್ನು ಕರಸ್ಥಲದಲ್ಲಿರಿಸಿ, ಉಸಿರನ್ನು ನಿಧಾನಗೊಳಿಸಿ ಕುಳಿತುಕೊಳ್ಳುವರು. ಮಾಡತಕ್ಕುದನ್ನು ಮಾಡಿಯಾಗಿದೆ, ಉಳಿದುದು ಲಿಂಗದೇವನಿಗೆ ಸೇರಿದುದು. ನಿಯಮವನ್ನು ಪಾಲಿಸಿದವನಿಗಷ್ಟೇ ಹೀಗೆ ಒಪ್ಪಿಸಿಬಿಡುವ ಅಧಿಕಾರವುಂಟು. ನಿಯಮವನ್ನು ಬಿಟ್ಟು ಕೃಪೆಯನ್ನು ಬೇಡುವುದು ಭಕ್ತಿಯಲ್ಲ. ನಿಯಮವನ್ನು ಪಾಲಿಸಿಯೂ ಅಂಜುತ್ತಲೇ ಇರುವ ಅವಶ್ಯಕತೆ ಭಕ್ತನಿಗಿಲ್ಲ.