ಲಕ್ಕಮ್ಮನ ಹಿಂದೆ ನಿಂತಿದ್ದ ಕಲ್ಯಾಣ

ಇಂದಿನ ಚಿಂತನೆಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಪ್ರಸಂಗವನ್ನು ಎತ್ತಿಕೊಳ್ಳೋಣ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು ಅವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಲ್ಲೇ ಅವರ ಊಟ, ಅದರಲ್ಲೇ ಜಂಗಮ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಇಂದಿನ ದಾಸೋಹಕ್ಕೆ ಇಷ್ಟು ಬೇಡ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದಳು. ಮಾರಯ್ಯ ಹಾಗೇ ಮಾಡಿದ.

ದುರಾಸೆ ಬೇಡ ಎಂಬ ಪಾಠವಾಗಿ ಈ ಪ್ರಸಂಗವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅದು ನಿಜವಾದ ಪಾಠವೇ. ಆದರೆ ಅಮೆರಿಕದಲ್ಲಿ ಬದುಕು ಕಟ್ಟಿಕೊಂಡಿರುವ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ನಾಳೆಗೆಂದು ಹಿಡಿ ಅಕ್ಕಿಯನ್ನೂ ಕೂಡಿಡದ ಆ ತಾಯಿಗೆ, ಮನೆಬಾಗಿಲಿಗೆ ಬಂದ ಧಾನ್ಯವನ್ನು ಮರಳಿಸುವ ಧೈರ್ಯ ಎಲ್ಲಿಂದ ಬಂತು?

ಶಿವನ ಮೇಲಿನ ನಂಬಿಕೆಯಿಂದ ಎಂದು ಹೇಳುತ್ತೇವೆ. ಹೌದು. ಆ ನಂಬಿಕೆಗೆ ನೆಲದ ಮೇಲೊಂದು ಆಸರೆಯೂ ಇತ್ತು. ಮಹಾಮನೆಯ ಬಾಗಿಲು ತೆರೆದೇ ಇತ್ತು. ಮಾರಯ್ಯ ಜ್ವರದಿಂದ ಮಲಗಿದರೆ ವಿಚಾರಿಸಲು ಶರಣರಿದ್ದರು. ಅಂದಿನ ಕಾಯಕ ಕೈಕೊಟ್ಟರೂ ಆ ಮನೆ ಉಪವಾಸ ಬೀಳುತ್ತಿರಲಿಲ್ಲ. ಲಕ್ಕಮ್ಮನ ಹಿಂದೆ ಇಡೀ ಕಲ್ಯಾಣ ನಿಂತಿತ್ತು. ಆದ್ದರಿಂದಲೇ ಆಕೆ ಅಂಜಲಿಲ್ಲ. ಬೆನ್ನಿಗೆ ಜನ ಇರುವವರು ಮಾತ್ರ ಅಂಜದೆ ಇಷ್ಟು ಸಾಕು ಎನ್ನಬಲ್ಲರು. ಇಂದು ನಿಮ್ಮ ಮುಂದಿಡಬೇಕಾದ ಮಾತು ಇದೊಂದೇ.

ಈಗ ನಾವು ಬಾಳುತ್ತಿರುವ ಸಮಾಜದ ಕಡೆ ತಿರುಗೋಣ. ಈ ದೇಶ ನಮಗೆ ಬಹಳ ಕೊಟ್ಟಿದೆ. 1965ರಲ್ಲಿ ವಲಸೆಯ ಕಾನೂನು ಬದಲಾದ ಮೇಲೆ ನಮ್ಮ ಹಿರಿಯರು ಇಲ್ಲಿಗೆ ಬಂದರು, ಓದಿದರು, ದುಡಿದರು, ಮನೆಮಾಡಿದರು. ಆ ಋಣವನ್ನು ಮರೆಯುವುದು ಶರಣರಿಗೆ ತಕ್ಕದ್ದಲ್ಲ. ಆದರೆ ಈ ದೇಶವನ್ನು ನಡೆಸುತ್ತಿರುವ ಬಂಡವಾಳದ ವ್ಯವಸ್ಥೆ ನಮ್ಮ ದಿನಚರಿಯೊಳಗೆ ಹೇಗೆ ಬಂದು ಕುಳಿತಿದೆ ಎಂಬುದನ್ನು ನೋಡದೆ ಕಣ್ಣು ಮುಚ್ಚಿಕೊಳ್ಳುವುದೂ ತಕ್ಕದ್ದಲ್ಲ.

ಮೊದಲು ಕಾಯಿಲೆಯ ಸಂಗತಿ. ಇಲ್ಲಿ ಔಷಧಿ, ಆಸ್ಪತ್ರೆ ಎಲ್ಲವೂ ನೌಕರಿಯೊಂದಿಗೆ ತಳಕು ಹಾಕಿಕೊಂಡಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸರ್ಕಾರ ಕೂಲಿ ಏರದಂತೆ ಕಟ್ಟುಹಾಕಿತು. ಸಂಬಳ ಹೆಚ್ಚಿಸಲಾಗದ ಕಂಪನಿಗಳು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆ ಕೊಡತೊಡಗಿದವು. ಮುಂದೆ ತೆರಿಗೆಯ ರಿಯಾಯಿತಿಯೂ ಸಿಕ್ಕಿ ಆ ಪದ್ಧತಿ ಬೇರುಬಿಟ್ಟಿತು. 1965ರಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಯ್ಡ್ ಬಂದವು. ಉಳಿದವರಲ್ಲಿ ಬಹುಪಾಲು ಜನರ ವಿಮೆ ಇಂದಿಗೂ ಯಜಮಾನನ ಕೈಯಲ್ಲಿದೆ. ಕೆಲಸ ಹೋದ ತಿಂಗಳಲ್ಲೇ ಮಗುವಿನ ಚಿಕಿತ್ಸೆಯೂ ಅನಿಶ್ಚಿತವಾಗುತ್ತದೆ. ಬಾಣಂತಿತನಕ್ಕೂ ಇದೇ ಪಾಡು. 1993ರ ಕಾನೂನು ಹನ್ನೆರಡು ವಾರಗಳ ರಜೆ ಕೊಡುತ್ತದೆ, ಆದರೆ ಸಂಬಳವಿಲ್ಲದೆ. ಅದೂ ಐವತ್ತಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗೆ ಅನ್ವಯಿಸುವುದಿಲ್ಲ. ಹಸುಗೂಸನ್ನು ಬಿಟ್ಟು ವಾರಗಳಲ್ಲೇ ಕೆಲಸಕ್ಕೆ ಮರಳುವ ತಾಯಿ ನಮ್ಮ ಪಕ್ಕದ ಮನೆಯಲ್ಲೇ ಇರುತ್ತಾಳೆ.

ನಮ್ಮ ಯುವ ಕುಟುಂಬಗಳಿಗೆ ಇದರ ಜೊತೆಗೆ ವೀಸಾದ ಭಾರ ಬೇರೆ. ಎಚ್-1ಬಿ ವೀಸಾದಲ್ಲಿರುವವರ ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಒಂದು ದೇಶದವರಿಗೆ ವರ್ಷಕ್ಕೆ ನೂರಕ್ಕೆ ಏಳು ಪಾಲಿಗಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ ಎಂಬ ಮಿತಿಯಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. ಹೀಗೆ ಕಾಯುತ್ತಿರುವವರು ಮೇಲಧಿಕಾರಿಯ ಅನ್ಯಾಯದ ಮಾತಿಗೆ ಎದುರಾಡಲಾರರು. ರಾತ್ರಿ ಹತ್ತಕ್ಕೆ ಫೋನ್ ಬಂದರೂ ತೆಗೆಯಲೇಬೇಕು. ಊರಲ್ಲಿ ಅಪ್ಪನ ಆರೋಗ್ಯ ಕೆಟ್ಟಾಗಲೂ ಹೊರಡುವ ಮುನ್ನ ಎರಡು ಸಲ ಯೋಚಿಸಬೇಕು. ಇದನ್ನು ದುರಾಸೆ ಎನ್ನಲಾದೀತೇ? ಇದು ಭಯ.

ಬಂಧುಗಳೇ, ಸಂಬಳದ ಏಣಿಯಲ್ಲಿ ನಮಗಿಂತ ಕೆಳಗೆ ನಿಂತವರನ್ನೂ ನೆನೆಯಬೇಕು. ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 2009ರ ಜುಲೈಯಲ್ಲಿ ಗಂಟೆಗೆ 7 ಡಾಲರ್ 25 ಸೆಂಟ್ ಆಯಿತು. ಆಮೇಲೆ ಬಾಡಿಗೆ, ಅಕ್ಕಿ, ಹಾಲು ಎಲ್ಲದರ ಬೆಲೆ ಏರಿದೆ, ಆ ಅಂಕೆ ಕದಲಿಲ್ಲ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಯಜಮಾನ ಕೈಯಿಂದ ಕೊಡಲೇಬೇಕಾದ ಕೂಲಿ 1991ರಿಂದ 2 ಡಾಲರ್ 13 ಸೆಂಟ್‌ನಲ್ಲೇ ನಿಂತಿದೆ. ಹಲವು ರಾಜ್ಯಗಳು ತಮ್ಮ ಮಟ್ಟದಲ್ಲಿ ಇದನ್ನು ಹೆಚ್ಚಿಸಿವೆ, ಎಲ್ಲವೂ ಅಲ್ಲ. ಫೆಡರಲ್ ರಿಸರ್ವ್ 2023ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಹಠಾತ್ತನೆ 400 ಡಾಲರ್ ಖರ್ಚು ಬಂದರೆ ಕೈಯಲ್ಲಿರುವ ಹಣದಿಂದಲೇ ತೀರಿಸುತ್ತೇವೆ ಎಂದವರು ನೂರಕ್ಕೆ 63 ಮಂದಿ. ಉಳಿದ 37 ಮಂದಿ ಸಾಲ ಮಾಡಬೇಕು, ಏನನ್ನಾದರೂ ಮಾರಬೇಕು, ಇಲ್ಲವೇ ಬಿಲ್ಲನ್ನು ಹಾಗೇ ಬಿಡಬೇಕು. ಲೋಕದ ಅತಿ ಶ್ರೀಮಂತ ದೇಶದಲ್ಲಿ ಕಾರಿನ ಒಂದು ರಿಪೇರಿ ಒಂದು ಮನೆಯ ನಿದ್ದೆ ಕೆಡಿಸುತ್ತದೆ.

ಒಂದು ಕಡೆ ಈ ಭಯ, ಇನ್ನೊಂದು ಕಡೆ ಆಸೆಯ ಒತ್ತಾಯ. ಕೃತಜ್ಞತೆಗೆಂದೇ ಇರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಏನಾಯಿತು ನೋಡಿ. 1863ರಲ್ಲಿ, ಅಂತರ್ಯುದ್ಧದ ನಡುವೆ, ಅಬ್ರಹಾಂ ಲಿಂಕನ್ ನವೆಂಬರ್‌ನ ಕೊನೆಯ ಗುರುವಾರವನ್ನು ದೇವರಿಗೆ ಕೃತಜ್ಞತೆ ಸಲ್ಲಿಸುವ ದಿನವೆಂದು ಸಾರಿದರು. 1939ರಲ್ಲಿ ಆ ಗುರುವಾರ 30ನೇ ತಾರೀಖಿಗೆ ಬಿತ್ತು. ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲದು ಎಂದು ದೊಡ್ಡ ಅಂಗಡಿಗಳವರು ಕೇಳಿಕೊಂಡರು, ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ ತಂದರು. ಅನೇಕ ರಾಜ್ಯಗಳು ಒಪ್ಪದೆ ಎರಡೆರಡು ದಿನ ಹಬ್ಬ ನಡೆಯಿತು. ಕೊನೆಗೆ 1941ರಲ್ಲಿ ಕಾಂಗ್ರೆಸ್ ನಾಲ್ಕನೇ ಗುರುವಾರವೆಂದು ಗೊತ್ತುಮಾಡಿತು. ಇರುವುದಕ್ಕೆ ಕೈಮುಗಿಯುವ ದಿನದ ಮರುದಿನವೇ ಇಲ್ಲದ್ದಕ್ಕೆ ನುಗ್ಗುವ ದಿನ ಬಂದು ನಿಂತಿತು. 2008ರಲ್ಲಿ ಆ ಮರುದಿನದ ಅಗ್ಗದ ಮಾರಾಟಕ್ಕೆ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿ ಅಂಗಡಿಯ ಬಾಗಿಲು ತೆರೆಯುವಾಗ ನುಗ್ಗಿದ ಜನರ ಕಾಲ್ತುಳಿತಕ್ಕೆ ಒಬ್ಬ ಕೆಲಸಗಾರ ಸತ್ತ. ನುಗ್ಗಿದವರು ಕ್ರೂರಿಗಳಾಗಿರಲಿಲ್ಲ. ವರ್ಷಪೂರ್ತಿ ಬಿಗಿಹಿಡಿದು ಬದುಕಿ, ಆ ಒಂದು ಬೆಳಗ್ಗೆ ಅಗ್ಗದ ಬೆಲೆಗೆ ಮಕ್ಕಳಿಗೆ ಏನಾದರೂ ಕೊಳ್ಳಲು ಬಂದವರು ಅವರಲ್ಲಿ ಎಷ್ಟು ಮಂದಿಯಿದ್ದರೋ.

ಪ್ರಾಣ ಉಳಿಸುವ ಔಷಧಿಗೂ ಇದೇ ಗತಿ ಬಂದಿದೆ. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಸಂಗಡಿಗರು ಟೊರಾಂಟೋದಲ್ಲಿ ಇನ್ಸುಲಿನ್ ಕಂಡುಹಿಡಿದರು. 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಸಕ್ಕರೆ ಕಾಯಿಲೆಯ ಮಕ್ಕಳೆಲ್ಲ ಬದುಕಲಿ, ನಮಗೆ ಇದರಿಂದ ಸಂಪತ್ತು ಬೇಡ ಎಂಬ ಮನಸ್ಸು ಅದು. ಅವರು ಕಲ್ಯಾಣದ ಹೆಸರು ಕೇಳಿರಲಿಕ್ಕಿಲ್ಲ, ಆದರೂ ನಡೆದದ್ದು ಶರಣರ ದಾರಿಯಲ್ಲೇ. ಅದೇ ಶತಮಾನದ ಕೊನೆಯ ಹೊತ್ತಿಗೆ ಹೊಸ ಬಗೆಯ ಇನ್ಸುಲಿನ್‌ಗಳು ಬಂದವು. ಸುಮಾರು ಇಪ್ಪತ್ತು ಡಾಲರ್ ಇದ್ದ ಒಂದು ಸೀಸೆಯ ನಮೂದಿತ ಬೆಲೆ ಇಪ್ಪತ್ತು ವರ್ಷಗಳಲ್ಲಿ 270 ಡಾಲರ್ ದಾಟಿತು. ಹಣ ಸಾಲದೆ ಅರ್ಧ ಡೋಸ್ ತೆಗೆದುಕೊಂಡು ಪ್ರಾಣ ಬಿಟ್ಟವರಿದ್ದಾರೆ. ಕೊನೆಗೆ 2022ರ ಕಾನೂನು ಮೆಡಿಕೇರ್‌ನಲ್ಲಿರುವವರಿಗೆ ತಿಂಗಳ ವೆಚ್ಚ 35 ಡಾಲರ್ ಮೀರದಂತೆ ಮಿತಿ ಹಾಕಿತು. ಕೊಳ್ಳುವವನು ಸಾಯುವ ಭಯದಲ್ಲಿದ್ದಾಗ ಬೆಲೆಗೆ ತಡೆಯೇ ಇರುವುದಿಲ್ಲ. ತಡೆ ಬರಬೇಕಾದದ್ದು ಜನರಿಂದ, ಜನರು ಮಾಡಿದ ಕಾನೂನಿನಿಂದ.

ಜನ ಒಟ್ಟಾಗಿ ನಿಂತ ಚರಿತ್ರೆಯೂ ಈ ನೆಲದಲ್ಲಿದೆ. 1968ರ ಫೆಬ್ರವರಿಯಲ್ಲಿ ಮೆಂಫಿಸ್ ನಗರದಲ್ಲಿ, ಮಳೆಗೆ ಕಸದ ಲಾರಿಯೊಳಗೆ ನಿಂತಿದ್ದ ಇಬ್ಬರು ಕಪ್ಪು ಕಾರ್ಮಿಕರನ್ನು ಕಸ ಅರೆಯುವ ಯಂತ್ರ ಎಳೆದುಕೊಂಡು ಕೊಂದಿತು. ಸುಮಾರು 1,300 ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಅವರು ಎದೆಗೆ ತೂಗುಹಾಕಿಕೊಂಡ ಫಲಕಗಳು ಕೂಲಿಯ ಲೆಕ್ಕ ಹೇಳಲಿಲ್ಲ, ನಾವೂ ಮನುಷ್ಯರೆಂದು ಸಾರಿದವು. ಅವರ ಜೊತೆ ನಿಲ್ಲಲು ಹೋದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ನಗರಾಡಳಿತ ಕಾರ್ಮಿಕರ ಸಂಘವನ್ನು ಒಪ್ಪಿಕೊಂಡು ರಾಜಿಗೆ ಬಂತು. ಕಸ ಗುಡಿಸುವವರ, ದೋಣಿ ನಡೆಸುವವರ, ಚಪ್ಪಲಿ ಹೊಲಿಯುವವರ ಪಕ್ಕದಲ್ಲಿ ಮಂತ್ರಿಯಾಗಿದ್ದ ಬಸವಣ್ಣನವರನ್ನು ಕೂರಿಸಿದ ಪರಂಪರೆ ನಮ್ಮದು. ಮೆಂಫಿಸ್‌ನ ಆ ಫಲಕ ನಮಗೆ ಪರಕೀಯವಾಗಕೂಡದು.

ಹಾಗಾದರೆ ನಾವು ಮಾಡಬೇಕಾದದ್ದೇನು? ಆಸೆ ಬಿಡಿ ಎಂದು ಬರಿದೆ ಬೋಧಿಸಿದರೆ ಭಯದಲ್ಲಿರುವವರ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ಮೊದಲು ಭಯ ಇಳಿಯಬೇಕು. ಭಯ ಇಳಿಸುವುದೇ ಈ ಕಾಲದ, ಈ ದೇಶದ ದಾಸೋಹ.

ನಮ್ಮಲ್ಲಿ ಯಾರದ್ದಾದರೂ ಕೆಲಸ ಹೋದರೆ ಆ ಸುದ್ದಿ ಪಿಸುಮಾತಾಗಿ ಹರಿದಾಡಬಾರದು. ಅದೇ ವಾರ ಅವರ ಮನೆಗೆ ಹೋಗಿ. ಕೆಲಸದ ದಾರಿ ತೋರಿಸಬಲ್ಲವರು ಅಂದೇ ಫೋನ್ ಮಾಡಿ. ಬಾಡಿಗೆಗೆ, ವಿಮೆಗೆ ನೆರವಾಗುವ ನಿಧಿಯೊಂದು ನಮ್ಮ ಈ ಶರಣರ ಕೂಟದಲ್ಲಿರಲಿ, ಪಡೆದವರ ಹೆಸರು ಗುಟ್ಟಾಗಿರಲಿ. ಬಾಣಂತಿಯ ಮನೆಗೆ ಸರದಿಯ ಮೇಲೆ ಊಟ ಹೋಗಲಿ. ಮನೆಗೆಲಸಕ್ಕೆ, ಮಗು ನೋಡಿಕೊಳ್ಳಲು ಬರುವ ಸೋದರಿಗೆ ಆಕೆ ಹುಷಾರಿಲ್ಲದ ದಿನವೂ ಕೂಲಿ ಕೊಡಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರಿದ್ದರೆ, ನಿಮಗೆ ಬಂದ ರಾತ್ರಿಯ ಒತ್ತಡವನ್ನು ಅವರಿಗೆ ದಾಟಿಸಬೇಡಿ.

ಮಕ್ಕಳ ಮುಂದೆ ಮಾತಾಡುವಾಗ ಎಚ್ಚರವಿರಲಿ. ಇಂಥವರ ಮಗ ಇಷ್ಟು ಸಂಬಳಕ್ಕೆ ಸೇರಿದನಂತೆ ಎಂಬ ಮಾತನ್ನು ಪ್ರತಿ ಊಟದಲ್ಲೂ ಕೇಳಿ ಬೆಳೆದ ಮಗು, ತನ್ನ ಬೆಲೆಯೂ ಅಷ್ಟೇ ಎಂದುಕೊಳ್ಳುತ್ತದೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಮನೆತನದ ಡಾ. ವಿವೇಕ್ ಮೂರ್ತಿ ಈ ದೇಶದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಪಿಡುಗೆಂದು ಎಚ್ಚರಿಸಿದರು. ಮರುವರ್ಷ ತಂದೆ ತಾಯಂದಿರ ಒತ್ತಡದ ಬಗ್ಗೆ ಇನ್ನೊಂದು ಎಚ್ಚರಿಕೆ ಕೊಟ್ಟರು. ಮನುಷ್ಯರನ್ನು ಮನುಷ್ಯರ ಹತ್ತಿರ ತರುವ ಕೆಲಸಕ್ಕೆ ಔಷಧಿ ಅಂಗಡಿಯಲ್ಲಿ ಮಾತ್ರೆ ಸಿಗುವುದಿಲ್ಲ. ಆ ಕೆಲಸ ನಮ್ಮದು.

ಮನೆಯ ಹೊಸಿಲಲ್ಲೇ ಇದು ನಿಲ್ಲಬಾರದು. ನಿಮ್ಮಲ್ಲಿ ಅನೇಕರು ಈಗ ಇಲ್ಲಿನ ಪ್ರಜೆಗಳು. ಮತ ಕೇಳಲು ಬಂದವರಿಗೆ ತೆರಿಗೆಯ ಪ್ರಶ್ನೆಯಷ್ಟೇ ಕೇಳಬೇಡಿ. ಔಷಧಿಯ ಬೆಲೆ, ತಾಯಂದಿರ ರಜೆ, ಕನಿಷ್ಠ ಕೂಲಿಯ ಬಗ್ಗೆಯೂ ಕೇಳಿ. ಅದರಿಂದ ನಮಗೆ ಲಾಭವಿಲ್ಲದಿದ್ದರೂ ಕೇಳಿ. ಶರಣರು ತಮ್ಮ ಮನೆಯ ಹಸಿವಿಗಾಗಿ ಮಾತ್ರ ಬಾಯಿ ತೆರೆದವರಲ್ಲ.

ಇಂದು ಈ ಪ್ರಾರ್ಥನೆ ಮುಗಿಸಿ ಏಳುವ ಮುನ್ನ, ಕಷ್ಟದಲ್ಲಿದ್ದೂ ಹೇಳಿಕೊಳ್ಳಲಾರದ ಒಂದು ಮನೆಯನ್ನು ಪ್ರತಿಯೊಬ್ಬರೂ ನೆನಪಿಗೆ ತಂದುಕೊಳ್ಳಿ. ಈ ವಾರದೊಳಗೆ ಆ ಬಾಗಿಲು ತಟ್ಟಿ, ನಾವಿದ್ದೇವೆ ಎಂದು ಹೇಳಿ, ಹೇಳಿದಂತೆ ನಡೆಯಿರಿ. ದುಡಿವ ಕೈಗೆ ಬಲವನ್ನು, ಕೊಡುವ ಮನಕ್ಕೆ ಹಿಗ್ಗನ್ನು, ಬೇಡಬೇಕಾದವರಿಗೆ ನಾಚದ ನಾಲಿಗೆಯನ್ನು ಕೂಡಲಸಂಗಮನಾಥ ಅನುಗ್ರಹಿಸಲಿ.